ಸಾಲ ಕೊಟ್ಟವನ ಹಕ್ಕು, ಸಾಲಗಾರನ ನೆಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಊರುಗಳಲ್ಲಿ ಸಾಲದ ಮಾತು ಬಂದಾಗ ನಾವು ಬಳಸುವ ಪದಗಳನ್ನು ಒಮ್ಮೆ ಗಮನಿಸೋಣ. ಜಮೀನು, ಜಾಮೀನು, ಜಪ್ತಿ, ಕಬ್ಜಾ, ಹರಾಜು. ಇವೆಲ್ಲ ಅರಬಿ, ಪಾರಸಿ ಭಾಷೆಗಳಿಂದ ಆಡಳಿತದ ಕಚೇರಿಗಳ ಮೂಲಕ ಕನ್ನಡಕ್ಕೆ ಬಂದು ನಮ್ಮವೇ ಆದ ಪದಗಳು. ಜಪ್ತಿಗೆ ಬರುವ ನ್ಯಾಯಾಲಯದ ನೌಕರನನ್ನು ಜನರು ಇಂದಿಗೂ ಅಮೀನ ಎನ್ನುತ್ತಾರೆ. ಅಮೀನ್ ಎಂದರೆ ನಂಬಿಕಸ್ಥ. ಮಕ್ಕಾದ ಜನರು ಪ್ರವಾದಿ(ಸ)ರನ್ನು ಕರೆಯುತ್ತಿದ್ದ ಹೆಸರೂ ಅದೇ.

ಪದಗಳೇನೋ ಬಂದವು. ಆ ಪದಗಳ ಹಿಂದೆ ಇಸ್ಲಾಮೀ ನ್ಯಾಯಶಾಸ್ತ್ರವು ಕಟ್ಟಿದ್ದ ಮಿತಿಗಳೂ ಬಂದವೇ? ಸಾಲ ಕೊಟ್ಟವನು ನ್ಯಾಯಾಲಯದಿಂದ ಡಿಕ್ರಿ ಪಡೆದು ಸಾಲಗಾರನ ಹೊಲವನ್ನೋ ಮನೆಯನ್ನೋ ಹರಾಜಿಗೆ ತರುವಾಗ ಅವನ ಹಕ್ಕು ಎಲ್ಲಿಯವರೆಗೆ ಸಲ್ಲುತ್ತದೆ? ಎಲ್ಲಿ ಅದು ಅನ್ಯಾಯವಾಗುತ್ತದೆ? ಈ ಪ್ರಶ್ನೆಗೆ ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ನಮ್ಮ ನೆಲದ ಇತಿಹಾಸವು ವಿಶೇಷವಾದ ಸಾಕ್ಷ್ಯ ನುಡಿಯುತ್ತದೆ. ಈ ನೆಲವು ಸ್ವತಃ ಒಮ್ಮೆ ಸಾಲಕ್ಕಾಗಿ ಒತ್ತೆಬಿದ್ದಿತ್ತು.

ಮದೀನಾದ ಮಾದರಿ

ಸಾಲ ಕೊಟ್ಟವನ ಹಕ್ಕನ್ನು ಇಸ್ಲಾಮ್ ಹಗುರವಾಗಿ ಕಂಡಿಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತವು (ಅಲ್ ಬಕರ: 282) ಸಾಲವನ್ನು ಬರೆದಿಡುವುದರ ಕುರಿತೇ ಅವತೀರ್ಣವಾಗಿದೆ. ಅದರ ಮುಂದಿನ ಸೂಕ್ತವು ಒತ್ತೆಗೆ ಅನುಮತಿ ನೀಡುತ್ತದೆ. ಪ್ರವಾದಿ(ಸ)ರು ವಫಾತ್ ಆದಾಗ ಅವರ ಕವಚವು ಜವೆಗೋಧಿಗಾಗಿ ಓರ್ವ ಯಹೂದಿಯ ಬಳಿ ಒತ್ತೆಯಲ್ಲಿತ್ತೆಂದು ಸಹೀಹ್ ಬುಖಾರಿಯಲ್ಲಿದೆ. ಸಾಮರ್ಥ್ಯವಿದ್ದೂ ಸಾಲ ತೀರಿಸಲು ಸತಾಯಿಸುವುದು ಅಕ್ರಮವೆಂದು ಅವರು ಕಲಿಸಿದರು. ಸಾಲವಿಟ್ಟು ಮರಣಹೊಂದಿದವನ ಜನಾಝ ನಮಾಝನ್ನು ತಾವು ನಿರ್ವಹಿಸದೆ ನಿಂತರು. ಅಬೂ ಕತಾದ(ರ)ರು ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಡೆಯಿತು.

ಆದರೆ ಅದೇ ಅಧ್ಯಾಯದ 280ನೇ ಸೂಕ್ತವು ಸಾಲಗಾರನು ಇಕ್ಕಟ್ಟಿನಲ್ಲಿದ್ದರೆ ಅನುಕೂಲ ಒದಗುವವರೆಗೆ ಕಾಲಾವಕಾಶ ನೀಡಬೇಕೆಂದು ಆದೇಶಿಸುತ್ತದೆ; ಬಿಟ್ಟುಕೊಡುವುದು ಅದಕ್ಕಿಂತಲೂ ಉತ್ತಮವೆನ್ನುತ್ತದೆ. ಈ ಎರಡು ತತ್ವಗಳು ಹೇಗೆ ಒಟ್ಟಿಗೆ ನಡೆಯುತ್ತವೆಂಬುದಕ್ಕೆ ಮದೀನಾದಲ್ಲೇ ನಿದರ್ಶನಗಳಿವೆ.

ಕಅಬ್ ಬಿನ್ ಮಾಲಿಕ್(ರ)ರು ಮಸೀದಿಯಲ್ಲಿ ಇಬ್ನು ಅಬೀ ಹದ್ರದ್(ರ)ರಿಂದ ತಮ್ಮ ಸಾಲವನ್ನು ಕೇಳಿದಾಗ ಇಬ್ಬರ ಧ್ವನಿಯೂ ಏರಿತು. ಮನೆಯೊಳಗಿದ್ದ ಪ್ರವಾದಿ(ಸ)ರು ಪರದೆ ಸರಿಸಿ, ಅರ್ಧದಷ್ಟನ್ನು ಬಿಟ್ಟುಬಿಡುವಂತೆ ಕಅಬ್‌ರಿಗೆ ಸನ್ನೆ ಮಾಡಿದರು. ಅವರು ಒಪ್ಪಿದೊಡನೆ ಸಾಲಗಾರನಿಗೆ, ಏಳು, ಉಳಿದುದನ್ನು ತೀರಿಸು ಎಂದು ಆಜ್ಞಾಪಿಸಿದರು. ಒಬ್ಬನಿಗೆ ಔದಾರ್ಯದ ಪಾಠ, ಇನ್ನೊಬ್ಬನಿಗೆ ಹೊಣೆಯ ಪಾಠ.

ಹಣ್ಣಿನ ವ್ಯಾಪಾರದಲ್ಲಿ ನಷ್ಟಕ್ಕೊಳಗಾದ ವ್ಯಕ್ತಿಯೊಬ್ಬನ ಘಟನೆಯು ಸಹೀಹ್ ಮುಸ್ಲಿಮ್‌ನಲ್ಲಿದೆ. ಅವನಿಗೆ ದಾನ ನೀಡುವಂತೆ ಪ್ರವಾದಿ(ಸ)ರು ಜನರಿಗೆ ಹೇಳಿದರು. ಸಂಗ್ರಹವಾದ ಹಣವು ಸಾಲಕ್ಕೆ ಸಾಲಲಿಲ್ಲ. ಆಗ ಅವರು ಸಾಲ ಕೊಟ್ಟವರಿಗೆ, ಸಿಕ್ಕಿದ್ದನ್ನು ತೆಗೆದುಕೊಳ್ಳಿರಿ, ಅದಕ್ಕಿಂತ ಹೆಚ್ಚಿನದು ನಿಮಗಿಲ್ಲ ಎಂದು ತೀರ್ಪಿತ್ತರು. ಉಹುದ್‌ನಲ್ಲಿ ಶಹೀದರಾದ ಜಾಬಿರ್(ರ)ರ ತಂದೆಯ ಸಾಲದ ವಿಷಯದಲ್ಲೂ ಪ್ರವಾದಿ(ಸ)ರು ತೋಟದ ಆ ವರ್ಷದ ಖರ್ಜೂರವನ್ನು ಸ್ವೀಕರಿಸಿ ಋಣಮುಕ್ತಗೊಳಿಸುವಂತೆ ಸಾಲಿಗರನ್ನು ಕೇಳಿಕೊಂಡರು. ಅವರು ಒಪ್ಪದಿದ್ದಾಗ ಮರುದಿನ ತೋಟಕ್ಕೇ ಬಂದು ಬರಕತ್‌ಗಾಗಿ ಪ್ರಾರ್ಥಿಸಿದರು. ಫಸಲಿನಿಂದಲೇ ಸಾಲ ತೀರಿತು, ಖರ್ಜೂರವೂ ಉಳಿಯಿತು. ಮರಗಳು ಅನಾಥ ಕುಟುಂಬದ ಕೈತಪ್ಪಲಿಲ್ಲ.

ಒತ್ತೆಯ ಕುರಿತಾದ ನಿಯಮವು ಇನ್ನೂ ಸ್ಪಷ್ಟ. ಅಜ್ಞಾನಕಾಲದ ಅರಬರಲ್ಲಿ ವಾಯಿದೆ ಮೀರಿದರೆ ಒತ್ತೆಯ ವಸ್ತುವು ಪೂರ್ತಿಯಾಗಿ ಸಾಲ ಕೊಟ್ಟವನ ಪಾಲಾಗುತ್ತಿತ್ತು. ಪ್ರವಾದಿ(ಸ)ರು ಅದನ್ನು ತಡೆದರು. ಒತ್ತೆಯು ಒತ್ತೆಯಾಗಿಯೇ ಉಳಿಯುತ್ತದೆ, ಅದರ ಒಡೆತನ ಸಾಲಗಾರನದು. ಮಾರಬೇಕಾಗಿ ಬಂದರೆ ಸಾಲದಷ್ಟನ್ನು ಪಡೆದು ಮಿಕ್ಕಿದ್ದನ್ನು ಹಿಂದಿರುಗಿಸಬೇಕು.

ನ್ಯಾಯಾಧೀಶನು ನೆಲ ಮಾರಬಹುದೇ?

ಖಲೀಫಾ ಉಮರ್(ರ)ರ ಕಾಲದಲ್ಲಿ ಜುಹೈನಾ ಗೋತ್ರದ ಉಸೈಫಿಅ್ ಎಂಬವನಿದ್ದನು. ಹಜ್ಜ್‌ನಿಂದ ಎಲ್ಲರಿಗಿಂತ ಮೊದಲು ಮರಳಿದವನೆಂಬ ಹೆಸರಿಗಾಗಿ ಸಾಲ ಮಾಡಿ ದುಬಾರಿ ಒಂಟೆಗಳನ್ನು ಕೊಳ್ಳುತ್ತಿದ್ದನು, ಕೊನೆಗೆ ದಿವಾಳಿಯಾದನು. ಉಮರ್(ರ)ರು ಸಾರ್ವಜನಿಕವಾಗಿ, ಅವನಿಗೆ ಸಾಲ ಕೊಟ್ಟವರು ನಾಳೆ ಬರಲಿ, ಅವನ ಸೊತ್ತನ್ನು ಹಂಚಲಾಗುವುದು ಎಂದು ಪ್ರಕಟಿಸಿದರು. ಸಾಲದ ಆರಂಭವು ಚಿಂತೆ, ಅಂತ್ಯವು ಕಲಹ ಎಂಬ ಎಚ್ಚರಿಕೆಯನ್ನೂ ನೀಡಿದರು. ಇಮಾಮ್ ಮಾಲಿಕರ ಮುವತ್ತಾದಲ್ಲಿ ಇದು ದಾಖಲಾಗಿದೆ.

ನಂತರದ ಫಿಕ್‌ಹ್ ವಿದ್ವಾಂಸರು ಇದನ್ನು ವಿಸ್ತರಿಸಿದರು. ಇಮಾಮ್ ಅಬೂ ಹನೀಫಾರ ಪ್ರಕಾರ ಪ್ರಾಯಪೂರ್ತಿಯಾದ ಸ್ವತಂತ್ರ ವ್ಯಕ್ತಿಯ ಸೊತ್ತನ್ನು ನ್ಯಾಯಾಧೀಶನು ತಾನೇ ಮಾರುವಂತಿಲ್ಲ. ಸಾಲಗಾರನೇ ಮಾರುವವರೆಗೆ ಅವನನ್ನು ಬಂಧನದಲ್ಲಿಡಬಹುದು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ ಇದನ್ನು ಒಪ್ಪಲಿಲ್ಲ. ನ್ಯಾಯಾಧೀಶನು ಮಾರಿ ಸಾಲಿಗರಿಗೆ ಅವರವರ ಸಾಲದ ಪ್ರಮಾಣಕ್ಕೆ ತಕ್ಕಂತೆ ಹಂಚಬಹುದೆಂದರು. ಆದರೆ ಅದಕ್ಕೊಂದು ಕ್ರಮವನ್ನು ವಿಧಿಸಲಾಯಿತು. ಹನಫಿ ಪಂಥದ ಪ್ರಸಿದ್ಧ ಗ್ರಂಥವಾದ ಹಿದಾಯದಲ್ಲೂ, 1869ರಿಂದ 1876ರ ನಡುವೆ ಉಸ್ಮಾನಿಯಾ ಸಾಮ್ರಾಜ್ಯವು ಹೊರತಂದ ಮಜಲ್ಲಾ ಸಂಹಿತೆಯಲ್ಲೂ ಆ ಕ್ರಮ ಒಂದೇ. ಮೊದಲು ನಗದು, ಅದು ಸಾಲದಿದ್ದರೆ ಸರಕು ಸಾಮಗ್ರಿ, ಅದೂ ಸಾಲದಿದ್ದರೆ ಮಾತ್ರ ನೆಲ ಮತ್ತು ಕಟ್ಟಡ. ಕಳೆದುಕೊಂಡರೆ ಸಾಲಗಾರನಿಗೆ ಯಾವುದು ಕಡಿಮೆ ನೋವೋ ಅದರಿಂದ ಆರಂಭ.

ವಾಸದ ಮನೆಯ ವಿಷಯದಲ್ಲಿ ಪಂಥಗಳು ಭಿನ್ನವಾಗಿವೆ. ಮನೆಯನ್ನೂ ಮಾರಬಹುದೆಂಬುದು ಶಾಫಿಈ ಮತ್ತು ಮಾಲಿಕಿ ಪಂಥಗಳ ನಿಲುವು. ಅಗತ್ಯವಿರುವ ಮನೆಯನ್ನು ಬಿಡಬೇಕೆಂಬುದು ಹಂಬಲಿ ಪಂಥದ ನಿಲುವು. ಮನೆ ದೊಡ್ಡದಾಗಿದ್ದರೆ ಮಾರಿ, ಅವನಿಗೆ ಸಾಕಾಗುವ ಚಿಕ್ಕ ಮನೆ ಕೊಂಡುಕೊಟ್ಟು, ಉಳಿದ ಹಣವನ್ನು ಸಾಲಿಗರಿಗೆ ಕೊಡಬೇಕೆಂದು ಮಜಲ್ಲಾ ನಡುದಾರಿ ತೋರಿತು. ಪ್ರಾಚೀನ ರೋಮ್‌ನಲ್ಲಿ ಸಾಲಗಾರನ ದೇಹವೇ ಸಾಲಕ್ಕೆ ಆಧಾರವಾಗಿತ್ತು. ನಮ್ಮ ನಾಡಿನ ಜೀತ ಪದ್ಧತಿಯೂ ಅದೇ ಜಾತಿಯದು; ಅದು ಕಾನೂನಿನಿಂದ ರದ್ದಾದುದು 1976ರಲ್ಲಿ. ಈ ಹಿನ್ನೆಲೆಯಲ್ಲಿ ನೋಡಿದಾಗ, ಸಾಲವು ವ್ಯಕ್ತಿಯ ಸೊತ್ತಿಗೆ ಅಂಟುತ್ತದೆಯೇ ಹೊರತು ಅವನ ಬದುಕಿಗಲ್ಲ ಎಂಬ ಈ ವಿಚಾರದ ಬೆಲೆ ತಿಳಿಯುತ್ತದೆ.

ದೋಆಬ್ ಒತ್ತೆಬಿದ್ದ ಏಳು ವರ್ಷ

ಈ ನಿಯಮಗಳು ನಮ್ಮ ನೆಲದಲ್ಲಿ ಹೇಗೆ ಮುರಿದುಬಿದ್ದವೆಂಬುದನ್ನು ನೋಡೋಣ. ನಮ್ಮ ನಾಲ್ಕು ತಾಲೂಕುಗಳೂ ರಾಯಚೂರು ದೋಆಬ್‌ಗೆ ಸೇರಿದವು. ಆಗ ನಿಜಾಮರ ಆಳ್ವಿಕೆ. 19ನೇ ಶತಮಾನದ ಮೊದಲ ಭಾಗದಲ್ಲಿ ಹೈದರಾಬಾದ್ ಸಂಸ್ಥಾನವು ಸಾಲದಲ್ಲಿ ಮುಳುಗಿತ್ತು. ವಿಲಿಯಂ ಪಾಮರ್ ಕಂಪೆನಿಯು ಭಾರೀ ಬಡ್ಡಿಗೆ ಹಣ ಕೊಟ್ಟಿತು. ಆ ಸಾಲ ತೀರಿಸಲು 1823ರಲ್ಲಿ ನಿಜಾಮರು ಉತ್ತರ ಸರ್ಕಾರ್ ಜಿಲ್ಲೆಗಳಿಂದ ತಮಗೆ ಬರುತ್ತಿದ್ದ ವಾರ್ಷಿಕ 7 ಲಕ್ಷ ರೂಪಾಯಿಯ ಪೇಷ್ಕಷ್ ಹಕ್ಕನ್ನೇ ಶಾಶ್ವತವಾಗಿ ಬಿಟ್ಟುಕೊಟ್ಟರು. ಸಂಸ್ಥಾನದೊಳಗೆ ಅರಬ್ ಜಮಾದಾರರು, ಪಠಾಣರು, ಸಾಹುಕಾರರು ಸರಕಾರಕ್ಕೆ ಸಾಲ ಕೊಟ್ಟು ತಾಲೂಕುಗಳ ಕಂದಾಯವನ್ನು ಒತ್ತೆ ಹಿಡಿದಿದ್ದರು. ಅರಬ್ ಮತ್ತು ರೋಹಿಲ್ಲಾ ಸಾಲಿಗರ ವಸೂಲಿಯ ಕ್ರೌರ್ಯಕ್ಕೆ ರೈತರು ನಡುಗುತ್ತಿದ್ದರು. ಅವರ ಹೆಸರುಗಳು ನಮ್ಮವೇ; ಅವರು ಪಡೆದ ಬಡ್ಡಿ ನಮ್ಮ ಧರ್ಮದ್ದಾಗಿರಲಿಲ್ಲ. ಇದನ್ನು ಮುಚ್ಚಿಟ್ಟು ಇತಿಹಾಸ ಬರೆಯುವುದು ಸರಿಯಲ್ಲ.

ಈಸ್ಟ್ ಇಂಡಿಯಾ ಕಂಪೆನಿಯು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯವನ್ನು ನಿಜಾಮರ ಖರ್ಚಿನಲ್ಲಿ ಸಾಕುತ್ತಿತ್ತು. ಅದರ ವೆಚ್ಚದ ಬಾಕಿಯು ಸುಮಾರು 50 ಲಕ್ಷಕ್ಕೇರಿತೆಂದು ಲಾರ್ಡ್ ಡಾಲ್‌ಹೌಸಿಯ ಸರಕಾರವು ಲೆಕ್ಕ ತೋರಿಸಿತು. 1853ರ ಮೇ 21ರ ಒಪ್ಪಂದದಂತೆ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್ ಕಂಪೆನಿಯ ಆಡಳಿತಕ್ಕೆ ಹೋದವು. ಸಾಲ ಕೊಟ್ಟವನೇ ಲೆಕ್ಕ ಬರೆದವನು, ಅವನೇ ನ್ಯಾಯಾಧೀಶ, ಜಪ್ತಿಗೆ ಬಂದ ಅಮೀನನೂ ಅವನೇ. ಮುಂದೆ ರೆಸಿಡೆಂಟರಾದ ಕರ್ನಲ್ ಡೇವಿಡ್‌ಸನ್‌ರೇ 1860ರಲ್ಲಿ, ಎರಡೂ ಕಡೆಯ ಲೆಕ್ಕವನ್ನು ನಿಷ್ಪಕ್ಷಪಾತವಾಗಿ ನೋಡಿದ್ದರೆ ನಿಜಾಮರ ಮೇಲೆ ಆ ಬಾಕಿಯೇ ನಿಲ್ಲುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ದಾಖಲಿಸಿದರು.

ಈ ಒತ್ತೆಯ ವರ್ಷಗಳಲ್ಲೇ, 1858ರಲ್ಲಿ, ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯನ್ನು ಹಿಡಿದು ಬ್ರಿಟಿಷ್ ಸೈನ್ಯದೆದುರು ಹೋರಾಡಿ ಪ್ರಾಣಬಿಟ್ಟನು. 1860ರ ಒಪ್ಪಂದದಲ್ಲಿ ಸಾಲವನ್ನು ಮನ್ನಾ ಮಾಡಿ ರಾಯಚೂರು ದೋಆಬ್ ಮತ್ತು ಧಾರಾಶಿವವನ್ನು ನಿಜಾಮರಿಗೆ ಮರಳಿಸಲಾಯಿತು. ಬೇರಾರ್ ಮಾತ್ರ ಮರಳಲಿಲ್ಲ. 1902ರಲ್ಲಿ ಅದು ವರ್ಷಕ್ಕೆ 25 ಲಕ್ಷ ರೂಪಾಯಿಯ ಕಾಯಂ ಗುತ್ತಿಗೆಯಾಯಿತು. 1936ರಲ್ಲಿ ನಿಜಾಮರ ಯುವರಾಜನಿಗೆ ಬೇರಾರಿನ ರಾಜಕುಮಾರನೆಂಬ ಬಿರುದು ಸಿಕ್ಕಿತು, ನೆಲ ಸಿಗಲಿಲ್ಲ. ಸಾಲವೇ ಉಳಿಯದ ಮೇಲೂ ಒತ್ತೆಯನ್ನು ಬಿಟ್ಟುಕೊಡದ ಪದ್ಧತಿಯನ್ನೇ ಪ್ರವಾದಿ(ಸ)ರು ಅಜ್ಞಾನಕಾಲದ ಪದ್ಧತಿಯಾಗಿ ಕಂಡು ತಡೆದಿದ್ದರು.

1853ರ ಒಪ್ಪಂದವಾದ ಕೆಲವೇ ದಿನಗಳಲ್ಲಿ ದಿವಾನರಾದ ಸಾಲಾರ್ ಜಂಗ್, ಸಾಲಿಗರ ಕೈಸೇರಿದ್ದ ತಾಲೂಕುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು ತಮ್ಮ ಮೊದಲ ಕಾರ್ಯವಾಗಿಸಿಕೊಂಡರು. ಕೊಪ್ಪಳವು ಅವರ ಮನೆತನದ ಜಹಗೀರಾಗಿತ್ತು. ನ್ಯಾಯಾಲಯಗಳನ್ನು, ಜಿಲ್ಲಾಡಳಿತವನ್ನು ಅವರು ಹೊಸದಾಗಿ ಕಟ್ಟಿದರು. ಆದರೆ ಆ ವ್ಯವಸ್ಥೆಯೇ ಮುಂದೆ ರೈತನಿಗೆ ಇನ್ನೊಂದು ಬಗೆಯ ಸಂಕಟವನ್ನು ತಂದಿತು.

ಸಾಹುಕಾರನ ಪತ್ರ, ನ್ಯಾಯಾಲಯದ ಡಿಕ್ರಿ

ಹಿಂದೆ ಸಾಹುಕಾರನಿಗೆ ರೈತನ ಫಸಲು ಬೇಕಿತ್ತು, ಹೊಲವಲ್ಲ. ಭೂಮಿಗೆ ಪಟ್ಟಾ ಬಂದು, ಮಾರಾಟದ ಹಕ್ಕು ಬಂದು, ಡಿಕ್ರಿ ಕೊಡುವ ನ್ಯಾಯಾಲಯಗಳು ಬಂದ ಬಳಿಕ ಹೊಲವೇ ಸಾಲಕ್ಕೆ ಆಧಾರವಾಯಿತು. ಅಕ್ಷರವರಿಯದ ರೈತನು ಹೆಬ್ಬೆಟ್ಟು ಒತ್ತಿದ ಪತ್ರದಲ್ಲಿ ಬಡ್ಡಿಯು ಅಸಲಾಗಿ ಬೆಳೆಯುತ್ತಿತ್ತು. 1880ರ ದಶಕದಿಂದ ಹೈದರಾಬಾದಿನ ನ್ಯಾಯಾಲಯಗಳ ಭಾಷೆ ಉರ್ದು. ಕುಷ್ಟಗಿಯ ಎರೆಹೊಲದ ಕನ್ನಡ ರೈತನಿಗೆ ತನ್ನ ಹೊಲ ಹೋದ ತೀರ್ಪನ್ನು ಓದಲೂ ಬರುತ್ತಿರಲಿಲ್ಲ. ಸಾಲದ ಪತ್ರವನ್ನು ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲಗಾರನೇ ಅದರ ಒಕ್ಕಣೆಯನ್ನು ಹೇಳಬೇಕು, ಅವನಿಗಾಗದಿದ್ದರೆ ಅವನ ಪೋಷಕನು ಹೇಳಬೇಕು ಎಂದು ಕುರ್‌ಆನ್ ವಿಧಿಸಿದ್ದು ಇಂತಹ ದುರ್ಬಲನನ್ನು ಕಾಪಾಡಲಿಕ್ಕೇ.

ನೆರೆಯ ಮುಂಬಯಿ ಪ್ರಾಂತದಲ್ಲಿ ಈ ಸಂಕಟವು ಸ್ಫೋಟಗೊಂಡಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಗ್ರಾಮದಲ್ಲಿ ರೈತರು ಸಾಹುಕಾರರ ಲೆಕ್ಕದ ಪುಸ್ತಕಗಳನ್ನೂ ಪತ್ರಗಳನ್ನೂ ಕಿತ್ತು ಸುಟ್ಟರು. ದಂಗೆಯು ಹಲವು ಊರುಗಳಿಗೆ ಹಬ್ಬಿತು. ಪರಿಣಾಮವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾನೂನು ಬಂದಿತು. ಪತ್ರದಲ್ಲಿ ಬರೆದ ಮೊತ್ತವನ್ನಷ್ಟೇ ನೋಡದೆ ಸಾಲದ ಮೂಲವನ್ನು ಶೋಧಿಸುವ ಅಧಿಕಾರ ನ್ಯಾಯಾಧೀಶನಿಗೆ ಸಿಕ್ಕಿತು. ಒತ್ತೆ ಇಡದ ಕೃಷಿಭೂಮಿಯನ್ನು ಬರೇ ಹಣದ ಡಿಕ್ರಿಗಾಗಿ ಮಾರುವುದಕ್ಕೆ ತಡೆ ಬಿತ್ತು. ಆ ಕಾನೂನು ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗಿತ್ತು. 1900ರಲ್ಲಿ ಪಂಜಾಬಿನ ಭೂ ಪರಭಾರೆ ಕಾನೂನು ಕೃಷಿಕ ಪಂಗಡಗಳ ಭೂಮಿಯನ್ನು ಡಿಕ್ರಿಗಾಗಿ ಮಾರುವುದನ್ನು ನಿಷೇಧಿಸಿತು.

ನಮ್ಮ ತಾಲೂಕುಗಳಿಗೆ ಅಂತಹ ರಕ್ಷಣೆ ತಡವಾಗಿ ಬಂದಿತು. 1937ರಲ್ಲಿ ಎಸ್. ಎಂ. ಭರೂಚಾ ಅವರು ಸಂಸ್ಥಾನದ ಕೃಷಿಕರ ಸಾಲದ ಕುರಿತು ವರದಿ ನೀಡಿದರು. 1349 ಫಸಲಿಯಲ್ಲಿ, ಎಂದರೆ 1939–40ರಲ್ಲಿ, ಕೃಷಿಭೂಮಿಯ ಪರಭಾರೆ ತಡೆಯುವ ಕಾನೂನೂ ಲೇವಾದೇವಿದಾರರ ಕಾನೂನೂ ಜಾರಿಯಾದವು. ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ಬಳಿಕ 1949ರಲ್ಲಿ ಜಹಗೀರುಗಳು ರದ್ದಾದವು. 1950ರ ಹೈದರಾಬಾದ್ ಗೇಣಿ ಮತ್ತು ಕೃಷಿಭೂಮಿ ಕಾನೂನು, ಕಲೆಕ್ಟರರ ಪೂರ್ವಾನುಮತಿಯಿಲ್ಲದೆ ಕೃಷಿಭೂಮಿಯ ವರ್ಗಾವಣೆ ಸಿಂಧುವಲ್ಲವೆಂದಿತು.

1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಹರಿಯಿತು. ಗಂಗಾವತಿಯ ಕಡೆ ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ನೆಲ ಸಮಗೊಳಿಸಲು, ಗೊಬ್ಬರಕ್ಕೆ ಹಣ ಬೇಕಾಯಿತು. ಹಣವಿಲ್ಲದ ಸ್ಥಳೀಯರು ನೀರು ಬಂದ ನೆಲವನ್ನೇ ಮಾರಿದರು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳವರಿಗೆ ಬರಗಾಲದ ಸಾಲ ತಪ್ಪಲಿಲ್ಲ. 1976ರ ಕರ್ನಾಟಕ ಋಣ ಪರಿಹಾರ ಕಾನೂನು ಸಣ್ಣ ರೈತರನ್ನೂ ಭೂಹೀನ ಕಾರ್ಮಿಕರನ್ನೂ ಖಾಸಗಿ ಸಾಲಗಳಿಂದ ಬಿಡಿಸಲು ಯತ್ನಿಸಿತು.

ಇಂದಿನ ಕಾನೂನು ಏನೆನ್ನುತ್ತದೆ?

ಡಿಕ್ರಿ ಬಂದೊಡನೆ ಹೊಲದ ಮೇಲೆ ಸಾಲಿಗನಿಗೆ ಹಕ್ಕು ಹುಟ್ಟಿತೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಭೂಮಿಯನ್ನು ಮೊದಲೇ ಅಡಮಾನ ಇಡದಿದ್ದರೆ, ಹಣದ ಡಿಕ್ರಿ ಪಡೆದವನು 12 ವರ್ಷಗಳೊಳಗೆ ಅಮಲ್ಜಾರಿ ಅರ್ಜಿ ಸಲ್ಲಿಸಬೇಕು. ನ್ಯಾಯಾಲಯವು ಜಪ್ತಿಯ ಆದೇಶ ಹೊರಡಿಸಿ, ಸ್ಥಳದಲ್ಲಿ ಡಂಗುರ ಸಾರಿ, ಪ್ರತಿಯನ್ನು ಅಂಟಿಸುತ್ತದೆ. ಆ ಬಳಿಕ ಸಾಲಗಾರನು ಮಾಡುವ ಮಾರಾಟವು ಸಾಲಿಗನ ವಿರುದ್ಧ ನಿಲ್ಲುವುದಿಲ್ಲ. ಹಲವರು ಡಿಕ್ರಿದಾರರು ಮೊದಲೇ ಅರ್ಜಿ ಹಾಕಿದ್ದರೆ ಹಣವು ಪ್ರಮಾಣಾನುಸಾರ ಹಂಚಿಕೆಯಾಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೃಷಿಕನು ವಾಸಿಸುವ ಮನೆಯನ್ನು ಜಪ್ತಿಯಿಂದ ಹೊರಗಿಡುತ್ತದೆ. ಸಾಲಕ್ಕೆ ಸಾಕಾಗುವಷ್ಟು ಭಾಗವನ್ನು ಮಾತ್ರ ಮಾರಬೇಕು. ಆಂಧ್ರದ ಪ್ರಕರಣವೊಂದರಲ್ಲಿ ಒಂದು ಊರಿನ ಭೂಮಿಯಿಂದಲೇ ಸಾಲ ತೀರುತ್ತಿದ್ದಾಗ ಇನ್ನೊಂದು ಊರಿನ ಭೂಮಿಯನ್ನೂ ಹರಾಜು ಹಾಕಿದ್ದನ್ನು ಸುಪ್ರೀಮ್ ಕೋರ್ಟ್ 1977ರಲ್ಲಿ ರದ್ದುಗೊಳಿಸಿತು. ಹರಾಜಾದರೂ 60 ದಿನಗಳೊಳಗೆ ಬಾಕಿಯನ್ನೂ, ಕೊಂಡವನಿಗಾಗಿ ಹರಾಜು ಬೆಲೆಯ ಶೇ. 5ನ್ನೂ ಠೇವಣಿಯಿಟ್ಟು ಭೂಮಿಯನ್ನು ಉಳಿಸಿಕೊಳ್ಳಲು ಅವಕಾಶವಿದೆ. ತೀರಿಸಲು ನಿಜವಾಗಿ ಅಶಕ್ತನಾದವನನ್ನು ಸಾಲಕ್ಕಾಗಿ ಜೈಲಿಗೆ ಕಳಿಸುವುದು ಸಲ್ಲದೆಂದು 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿತ್ತರು. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಅಡಮಾನವನ್ನು ವಶಪಡಿಸಿಕೊಳ್ಳಲು ಅನುವು ಮಾಡುವ 2002ರ ಸರ್ಫೇಸಿ ಕಾನೂನು ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಪಟ್ಟಣದ ಮನೆಗೆ ಅನ್ವಯಿಸುತ್ತದೆ, 60 ದಿನಗಳ ನೋಟಿಸಿನ ಬಳಿಕ.

ಈ ನಿಯಮಗಳನ್ನು ಓದುವಾಗ ಮದೀನಾದ ಮಾದರಿ ನೆನಪಾಗದಿರದು. ಸಾಕಷ್ಟೇ ಮಾರು, ಪ್ರಮಾಣದಂತೆ ಹಂಚು, ತಲೆಯ ಮೇಲಿನ ಸೂರನ್ನು ನೋಡು, ಅಶಕ್ತನನ್ನು ಬಿಡು. ವ್ಯತ್ಯಾಸವಿರುವುದು ಬಡ್ಡಿಯಲ್ಲಿ. ಅಸಲಿಗಾಗಿ ಹೊಲ ಹೋದ ಕುಟುಂಬಕ್ಕಿಂತ ಬಡ್ಡಿಗಾಗಿ ಹೊಲ ಕಳೆದುಕೊಂಡ ಕುಟುಂಬಗಳ ಕಥೆಯೇ ನಮ್ಮ ಊರುಗಳಲ್ಲಿ ಹೆಚ್ಚು ಕೇಳಿಬರುತ್ತದೆ.

ನಮ್ಮ ಹೊಣೆ

ಇತಿಹಾಸವು ಸಾಹುಕಾರನನ್ನಷ್ಟೇ ಪ್ರಶ್ನಿಸುವುದಿಲ್ಲ, ಸಾಲಗಾರನನ್ನೂ ಪ್ರಶ್ನಿಸುತ್ತದೆ. ಜಪ್ತಿಯ ಸುಳಿವು ಸಿಕ್ಕೊಡನೆ ಮನೆಯನ್ನು ಹೆಂಡತಿಯ ಹೆಸರಿಗೆ ಹಿಬಾ ಮಾಡುವುದು, ಹೊಲವನ್ನು ತಮ್ಮನಿಗೆ ಮಾರಿದಂತೆ ಕಾಗದ ಮಾಡುವುದು ನಮ್ಮಲ್ಲಿ ಜಾಣತನವೆನಿಸಿಕೊಂಡಿದೆ. ಸಾಲಿಗರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ನ್ಯಾಯಾಲಯವು ರದ್ದುಗೊಳಿಸಬಹುದು. ರದ್ದಾಗದಿದ್ದರೂ ಅಲ್ಲಾಹನ ಬಳಿ ಆ ಸಾಲ ಉಳಿದೇ ಇರುತ್ತದೆ. ಹಿಬಾ ಎಂಬ ಪವಿತ್ರ ವ್ಯವಸ್ಥೆಯನ್ನು ಮೋಸದ ಮುಸುಕಾಗಿಸುವುದು ಎರಡು ಪಟ್ಟು ತಪ್ಪು.

ಇನ್ನೊಂದು, ವಾರಸುದಾರರ ವಿಷಯ. ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳು ಪಾಲು ಹಂಚುವ ಮೊದಲು ಉಯಿಲನ್ನೂ ಸಾಲವನ್ನೂ ತೀರಿಸಬೇಕೆಂದು ಮತ್ತೆ ಮತ್ತೆ ಹೇಳುತ್ತವೆ. ತಂದೆಯ ಪಹಣಿಯನ್ನು ಮಕ್ಕಳ ಹೆಸರಿಗೆ ಮಾಡಿಸುವ ಆತುರದಲ್ಲಿ ತಂದೆಯ ಸಾಲದ ಪಟ್ಟಿಯನ್ನು ಯಾರೂ ಕೇಳುವುದಿಲ್ಲ. 1885ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸಯ್ಯದ್ ಮಹಮೂದ್, ಸರ್ ಸಯ್ಯದ್ ಅಹ್ಮದ್ ಖಾನರ ಪುತ್ರ, ಈ ಬಗ್ಗೆ ಪ್ರಸಿದ್ಧ ತೀರ್ಪಿತ್ತರು. ಮರಣದೊಡನೆ ಪಾಲು ವಾರಸುದಾರರಿಗೆ ಸೇರುತ್ತದೆ; ಒಬ್ಬ ವಾರಸುದಾರನ ಮೇಲಿನ ಡಿಕ್ರಿಯು ದಾವೆಯಲ್ಲಿಲ್ಲದ ಇನ್ನೊಬ್ಬನ ಪಾಲನ್ನು ಕಟ್ಟಿಹಾಕದು. ಆದರೆ ಆ ಇನ್ನೊಬ್ಬನು ತನ್ನ ಪಾಲನ್ನು ಮರಳಿ ಪಡೆಯಬೇಕಾದರೆ ತನ್ನ ಪಾಲಿನಷ್ಟು ಸಾಲವನ್ನು ತೀರಿಸಬೇಕು. ನೆಲ ಬಂದಲ್ಲಿ ಋಣವೂ ಬಂತು.

ಸಾಲ ಕೊಟ್ಟಿರುವ ನಮ್ಮ ಸಹೋದರರೂ ಆಲೋಚಿಸಬೇಕು. ಡಿಕ್ರಿ ಎಂಬುದು ಹಕ್ಕು. ಆದರೆ ಮಳೆ ಕೈಕೊಟ್ಟ ವರ್ಷ ಒಂದು ಫಸಲಿನ ಅವಕಾಶ ಕೊಡುವುದು ಕುರ್‌ಆನಿನ ಆದೇಶ. ಅಮಲ್ಜಾರಿ ಅರ್ಜಿಗೆ ಮೊದಲು ಜಮಾಅತಿನ ಹಿರಿಯರೆದುರು ಇಬ್ಬರೂ ಕೂತರೆ, ಕಅಬ್(ರ)ರು ಮಸೀದಿಯಲ್ಲಿ ಕಂಡ ಪರಿಹಾರ ನಮಗೂ ಸಿಗಬಹುದು. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಒಬ್ಬರು (ಅತ್ತೌಬ: 60). ನಮ್ಮ ಬೈತುಲ್ ಮಾಲ್‌ಗಳು ಹೊಲ ಹರಾಜಿಗೆ ಬಂದ ಕುಟುಂಬದ ಬಾಗಿಲನ್ನು ಎಷ್ಟು ಬಾರಿ ತಟ್ಟಿವೆ? ಬಡ್ಡಿರಹಿತ ಸಾಲದ ಸಣ್ಣ ನಿಧಿಯೊಂದು ಪ್ರತಿ ಜಮಾಅತಿನಲ್ಲಿದ್ದರೆ, ಆ 60 ದಿನಗಳ ಠೇವಣಿಯ ಅವಕಾಶವನ್ನು ಬಳಸಿ ಎಷ್ಟೋ ಎಕರೆ ನೆಲವನ್ನು ಉಳಿಸಬಹುದು. ಮದುವೆಯ ಆಡಂಬರಕ್ಕಾಗಿ ಸಾಲ ಮಾಡುವವನಿಗೆ ಜುಹೈನಾದ ಉಸೈಫಿಅ್‌ನ ಕಥೆಯನ್ನು ಖುತ್‌ಬಾದಲ್ಲಿ ಹೇಳಿದರೆ ಅದೂ ಉಪಕಾರವೇ.

ಒಂದು ಸಾಮ್ರಾಜ್ಯವು ನಮ್ಮ ದೋಆಬನ್ನು ಒತ್ತೆ ಹಿಡಿದು ಏಳು ವರ್ಷಗಳ ಬಳಿಕ ಬಿಟ್ಟುಕೊಟ್ಟಿತು. ನಮ್ಮ ಆತ್ಮವು ಸಾಲಕ್ಕೆ ಒತ್ತೆಬಿದ್ದರೆ ಅದು ತೀರುವವರೆಗೂ ಬಿಡುಗಡೆಯಿಲ್ಲವೆಂದು ಹದೀಸ್ ಎಚ್ಚರಿಸುತ್ತದೆ. ಸಾಲದ ಭಾರದಿಂದಲೂ ಜನರ ದಬ್ಬಾಳಿಕೆಯಿಂದಲೂ ಅಲ್ಲಾಹನಲ್ಲಿ ಅಭಯ ಯಾಚಿಸುವ ಪ್ರಾರ್ಥನೆಯನ್ನು ಪ್ರವಾದಿ(ಸ)ರು ನಮಗೆ ಕಲಿಸಿದ್ದಾರೆ. ಸಾಲಗಾರನ ಅಪ್ರಾಮಾಣಿಕತೆ, ಸಾಲಿಗನ ನಿಷ್ಕರುಣೆ ಎರಡರಿಂದಲೂ ಅಲ್ಲಾಹನು ನಮ್ಮ ಮನೆಗಳನ್ನು ಕಾಪಾಡಲಿ, ನೆಲದ ಋಣವನ್ನೂ ಜನರ ಋಣವನ್ನೂ ತೀರಿಸಿ ಹೊರಡುವ ಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.